ಒಂದು ಲೇಸರ್, ಹಲವು ಮೋಡ್: ಒಟ್ಟು ಅಲುಗದು, ಪಾಲು ನಿಲ್ಲದು

30 ಸೆಂಟಿಮೀಟರ್ ಉದ್ದದ ಒಂದು ಹೀಲಿಯಂ-ನಿಯಾನ್ ಲೇಸರ್ ಕೊಳವೆಯನ್ನು ಹಚ್ಚಿ, ಅದರ ಕೆಂಪು ಕಿರಣಕ್ಕೆ ಪವರ್ ಮೀಟರ್ ಒಡ್ಡಿದರೆ ಅಂಕಿ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. ಈಗ ನಡುವೆ ಒಂದು ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಹಿಡಿಯಿರಿ. ಅದೇ ಅಂಕಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕೊಳವೆ ತಣ್ಣಗಿದ್ದಾಗ ಈ ಏರಿಳಿತ ಬೇಗಬೇಗ ನಡೆಯುತ್ತದೆ, ಬಿಸಿಯಾಗುತ್ತ ಬಂದಂತೆ ನಿಧಾನವಾಗುತ್ತದೆ. ಹಾಳೆ ತೆಗೆದರೆ ಮತ್ತೆ ಎಲ್ಲ ಶಾಂತ.

ಲೇಸರ್ ಎಂದರೆ ಒಂದೇ ಬಣ್ಣದ, ಒಂದೇ ಲಯದ ಬೆಳಕು ಎಂದು ಪಾಠಗಳಲ್ಲಿ ಓದಿರುತ್ತೇವೆ. ಆ ಮಾತು ಪೂರ್ತಿ ನಿಜವಾಗಿದ್ದರೆ ಹೀಗಾಗಬಾರದಿತ್ತು. ನಿಜಸಂಗತಿ ಏನೆಂದರೆ, ಆ ಕೊಳವೆಯಿಂದ ಹೊರಬರುವುದು ಒಂದು ಬೆಳಕಲ್ಲ. ತೀರ ಹತ್ತಿರದ ಕಂಪನಾಂಕಗಳ ಎರಡು ಮೂರು ಬೆಳಕುಗಳು ಒಟ್ಟಿಗೆ ಬರುತ್ತಿವೆ. ಒಂದೊಂದಕ್ಕೂ ಮೋಡ್ ಎಂದು ಹೆಸರು. ಒಟ್ಟು ಮೊತ್ತ ಹಾಗೇ ಇರುತ್ತದೆ, ಯಾರಿಗೆ ಎಷ್ಟು ಪಾಲು ಎಂಬುದು ಬದಲಾಗುತ್ತಿರುತ್ತದೆ.

ಕೊಳವೆಯ ಈ ನಿಧಾನ ಏರಿಳಿತಕ್ಕೆ ಕಾರಣ ಶಾಖ. ಆದರೆ ಶಾಖ, ಅದುರಾಟ, ಪಂಪಿನ ಏರುಪೇರು ಎಲ್ಲವನ್ನೂ ಹತೋಟಿಗೆ ತಂದ ಮೇಲೂ ಪಾಲು ಅಲುಗಾಡುವುದು ನಿಲ್ಲುವುದಿಲ್ಲ. ಅಲ್ಲಿಂದಾಚೆಗಿನ ಕಾರಣ ಬೆಳಕಿನ ಸ್ವಭಾವದಲ್ಲೇ ಇದೆ. ಫೈಬರ್ ಸಂಪರ್ಕದಲ್ಲಿ ನುಸುಳುವ ತಪ್ಪು ಬಿಟ್‌ಗಳಿಂದ ಹಿಡಿದು ವಿಮಾನದ ಲೇಸರ್ ಗೈರೋ (ತಿರುಗುವಿಕೆ ಅಳೆಯುವ ಉಪಕರಣ) ಎಷ್ಟು ಸೂಕ್ಷ್ಮವಾಗಿ ಅಳೆಯಬಲ್ಲದು ಎಂಬುದರವರೆಗೆ ಹಲವು ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಮೋಡ್ ಎಂದರೆ ಏನು

ಲೇಸರ್‌ಗೆ ಮೂರು ಅಂಗ. ಬೆಳಕನ್ನು ವರ್ಧಿಸುವ ಮಾಧ್ಯಮ (ಅನಿಲ, ಹರಳು ಅಥವಾ ಅರೆವಾಹಕ), ಅದಕ್ಕೆ ಶಕ್ತಿ ತುಂಬುವ ಪಂಪ್, ಎದುರುಬದುರಾಗಿ ನಿಂತ ಎರಡು ಕನ್ನಡಿ. ಕನ್ನಡಿಗಳ ನಡುವಿನ ಜಾಗವೇ ಕ್ಯಾವಿಟಿ.

ಎರಡೂ ತುದಿ ಬಿಗಿದ ತಂತಿಯನ್ನು ಮೀಟಿದರೆ ಅದು ಮನಬಂದ ಸ್ವರ ಹೊರಡಿಸುವುದಿಲ್ಲ. ತಂತಿಯ ಉದ್ದದೊಳಗೆ ಅರ್ಧ ಅಲೆಗಳು ಪೂರ್ಣಸಂಖ್ಯೆಯಲ್ಲಿ ಕೂರಬೇಕು. ಕ್ಯಾವಿಟಿಯೊಳಗಿನ ಬೆಳಕಿಗೂ ಇದೇ ಕಟ್ಟಳೆ. ಕೆಂಪು ಹೀಲಿಯಂ-ನಿಯಾನ್ ಬೆಳಕಿನ ತರಂಗಾಂತರ 632.8 ನ್ಯಾನೋಮೀಟರ್, ಅರ್ಧ ಅಲೆ 316.4 ನ್ಯಾನೋಮೀಟರ್. 30 ಸೆಂಟಿಮೀಟರ್‌ನಲ್ಲಿ ಅಂಥವು ಸುಮಾರು 9 ಲಕ್ಷ 48 ಸಾವಿರ ಹಿಡಿಸುತ್ತವೆ. ಅದಕ್ಕಿಂತ ಒಂದೇ ಒಂದು ಅರ್ಧ ಅಲೆ ಹೆಚ್ಚು ಕೂರಿಸಿದರೆ ಅದು ಪಕ್ಕದ ಮೋಡ್.

ಪಕ್ಕಪಕ್ಕದ ಮೋಡ್‌ಗಳ ಕಂಪನಾಂಕದ ಅಂತರ ತಿಳಿಯಲು ಬೆಳಕಿನ ವೇಗವನ್ನು ಕ್ಯಾವಿಟಿಯ ಉದ್ದದ ಎರಡರಷ್ಟರಿಂದ ಭಾಗಿಸಬೇಕು. 30 ಸೆಂಟಿಮೀಟರ್‌ಗೆ 500 ಮೆಗಾಹರ್ಟ್ಸ್ ಬರುತ್ತದೆ. ಆ ಬೆಳಕಿನ ಸ್ವಂತ ಕಂಪನಾಂಕ 474 ಲಕ್ಷ ಕೋಟಿ ಹರ್ಟ್ಸ್ ಎಂಬುದನ್ನು ನೆನೆದರೆ, ಪಕ್ಕದ ಮೋಡ್ ಎಷ್ಟು ಪಕ್ಕದಲ್ಲಿದೆ ಎಂದು ತಿಳಿಯುತ್ತದೆ. ಕಣ್ಣಿಗೆ ಎರಡೂ ಒಂದೇ ಕೆಂಪು.

(ಕಿರಣದ ಅಡ್ಡಕ್ಕೆ ಚುಕ್ಕೆ ಚುಕ್ಕೆಯಾಗಿ ಹರಡುವ ಮೋಡ್‌ಗಳೂ ಉಂಟು. ಪಾಲಿನ ಲೆಕ್ಕ ಅವಕ್ಕೂ ಸರಿಸುಮಾರು ಇದೇ ಆದ್ದರಿಂದ ಇಲ್ಲಿ ಅವನ್ನು ಬದಿಗಿಟ್ಟಿದೆ.)

ಕ್ಯಾವಿಟಿಯಲ್ಲಿ ಕೂರಬಲ್ಲ ಮೋಡ್‌ಗಳು ಲೆಕ್ಕವಿಲ್ಲದಷ್ಟು. ಆದರೆ ಮಾಧ್ಯಮ ಎಲ್ಲ ಕಂಪನಾಂಕಗಳನ್ನೂ ವರ್ಧಿಸುವುದಿಲ್ಲ. ನಿಯಾನ್ ಪರಮಾಣುಗಳು ಅತ್ತಿತ್ತ ಓಡಾಡುವುದರಿಂದ ವರ್ಧನೆಯ ಪಟ್ಟಿ ಸುಮಾರು 1.5 ಗಿಗಾಹರ್ಟ್ಸ್ ಅಗಲಕ್ಕೆ ಹರಡಿರುತ್ತದೆ. 500 ಮೆಗಾಹರ್ಟ್ಸ್‌ಗೆ ಒಂದರಂತೆ ಅದರಲ್ಲಿ ಮೂರು ಮೋಡ್ ಹಿಡಿಯುತ್ತವೆ. ಕೊಳವೆ ಬೋರೋಸಿಲಿಕೇಟ್ ಗಾಜಿನದಾದರೆ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ಒಂದು ಮೈಕ್ರೋಮೀಟರಿನಷ್ಟು ಹಿಗ್ಗುತ್ತದೆ, ಅಂದರೆ ಮೂರು ಅರ್ಧ ಅಲೆಗಳಷ್ಟು. ಹಿಗ್ಗಿದಂತೆ ಮೋಡ್‌ಗಳು ಒಂದರ ಹಿಂದೊಂದು ಪಟ್ಟಿಯ ಒಂದು ಅಂಚಿನಲ್ಲಿ ಒಳಬಂದು ಇನ್ನೊಂದು ಅಂಚಿನಲ್ಲಿ ಹೊರಬೀಳುತ್ತವೆ. ಇಂಥ ಕೊಳವೆಯಲ್ಲಿ ಪಕ್ಕಪಕ್ಕದ ಮೋಡ್‌ಗಳ ಧ್ರುವೀಕರಣ, ಅಂದರೆ ಅಲೆ ಕಂಪಿಸುವ ದಿಕ್ಕು, ಸಾಮಾನ್ಯವಾಗಿ ಒಂದಕ್ಕೊಂದು ಲಂಬ. ಪೋಲರೈಸರ್ ಹಾಳೆ ಒಂದು ಗುಂಪನ್ನು ಬಿಟ್ಟು ಇನ್ನೊಂದನ್ನು ತಡೆಯುವುದರಿಂದ ಮೆರವಣಿಗೆ ಕಣ್ಣಿಗೆ ಬೀಳುತ್ತದೆ. ಉದ್ದ ಎರಡು ಅರ್ಧ ಅಲೆಗಳಷ್ಟು ಬದಲಾದಾಗ ಒಂದು ಸುತ್ತು ಮುಗಿಯುತ್ತದೆ.

ಫೋಟಾನ್ ಲೆಕ್ಕದ ಆ "ಒಂದು"

ಕ್ವಾಂಟಂ ಸಿದ್ಧಾಂತದಲ್ಲಿ ಪ್ರತಿ ಮೋಡ್ ಒಂದು ಏಣಿ ಇದ್ದಂತೆ. ಮೆಟ್ಟಿಲುಗಳ ನಡುವಿನ ಎತ್ತರ ಒಂದು ಫೋಟಾನಿನ ಶಕ್ತಿ. ಮೋಡ್‌ನಲ್ಲಿ 0, 1, 2 ಹೀಗೆ ಇಡಿಯಾಗಿ ಫೋಟಾನ್‌ಗಳಿರಬಹುದು, ಎರಡೂವರೆ ಇರಲಾಗದು.

ಶಕ್ತಿ ತುಂಬಿಕೊಂಡ ಪರಮಾಣು ಎರಡು ಬಗೆಯಲ್ಲಿ ಬೆಳಕು ಬಿಡುತ್ತದೆ. ಈಗಾಗಲೇ ಇರುವ ಬೆಳಕು ತಟ್ಟಿ ಎಬ್ಬಿಸಿದಾಗ ಬಿಡುವುದು ಪ್ರಚೋದಿತ ಉತ್ಸರ್ಜನೆ. ಇದನ್ನು ಐನ್‌ಸ್ಟೈನ್ 1917ರಲ್ಲಿ ವಿವರಿಸಿದರು. ಯಾರೂ ತಟ್ಟದೆ ತಾನಾಗಿ ಬಿಡುವುದು ಸ್ವಯಂ ಉತ್ಸರ್ಜನೆ. ಇವೆರಡೂ ಬೇರೆ ಬೇರೆ ಘಟನೆಗಳೆನಿಸಿದರೂ ಒಂದೇ ಸೂತ್ರದ ಎರಡು ತುಂಡುಗಳು ಎಂದು 1927ರಲ್ಲಿ ಭೌತವಿಜ್ಞಾನಿ ಪಾಲ್ ಡಿರಾಕ್ ತೋರಿಸಿದರು. ಮೋಡ್‌ನಲ್ಲಿ ಎನ್ ಫೋಟಾನ್ ಇದ್ದರೆ, ಪರಮಾಣು ಆ ಮೋಡ್‌ಗೆ ಇನ್ನೊಂದು ಫೋಟಾನ್ ಕೊಡುವ ವೇಗ "ಎನ್ ಕೂಡಿಸು ಒಂದು" ಎಂಬ ಸಂಖ್ಯೆಗೆ ಅನುಪಾತದಲ್ಲಿರುತ್ತದೆ. ಎನ್ ಭಾಗ ಪ್ರಚೋದಿತ, ಒಂದು ಎಂಬುದು ಸ್ವಯಂ.

ಎನ್ ಕೋಟಿಗಳಲ್ಲಿರುವಾಗ ಒಂದನ್ನು ಕೇಳುವವರಾರು ಎನಿಸಬಹುದು. ಆ ಒಂದಿಲ್ಲದಿದ್ದರೆ ಕತ್ತಲಲ್ಲಿ ಹಚ್ಚಿದ ಲೇಸರ್ ಶುರುವಾಗುವುದೇ ಇಲ್ಲ, ಏಕೆಂದರೆ ಸೊನ್ನೆಯಿಂದ ಹೊರಟದ್ದು ಸೊನ್ನೆಯಲ್ಲೇ ಇರುತ್ತದೆ. ಶುರುವಾದ ಮೇಲೂ ಅದು ಸುಮ್ಮನಿರುವುದಿಲ್ಲ. ಪ್ರಚೋದಿತ ಫೋಟಾನ್ ಇದ್ದ ಅಲೆಯ ಲಯಕ್ಕೆ ತಾಳ ಕೂಡಿಸಿ ಸೇರುತ್ತದೆ. ಸ್ವಯಂ ಫೋಟಾನ್‌ಗೆ ತಾಳದ ಹಂಗಿಲ್ಲ.

ನಮ್ಮ ಕೊಳವೆಯದೇ ಲೆಕ್ಕ ನೋಡೋಣ. ಹೊರಗೆ 1 ಮಿಲಿವ್ಯಾಟ್ ಬೆಳಕು, ಒಂದು ಕನ್ನಡಿ 1 ಶೇಕಡ ಹೊರಬಿಡುತ್ತದೆ, ಬೇರೆ ಸೋರಿಕೆ ಇಲ್ಲ ಎಂದುಕೊಳ್ಳಿ. ಒಂದು ಸುತ್ತಿಗೆ 2 ನ್ಯಾನೋಸೆಕೆಂಡ್ ಹಿಡಿಯುವುದರಿಂದ ಫೋಟಾನ್ ಸರಾಸರಿ 200 ನ್ಯಾನೋಸೆಕೆಂಡ್ ಒಳಗಿರುತ್ತದೆ. ಒಳಗೆ ಒಟ್ಟು ಸುಮಾರು 64 ಕೋಟಿ ಫೋಟಾನ್‌ಗಳಿರುತ್ತವೆ. ಅದರ ವರ್ಗಮೂಲ ಸುಮಾರು 25,000. ಎಲ್ಲವೂ ಒಂದೇ ಮೋಡ್‌ನಲ್ಲಿದ್ದರೆ ಆ ಬೆಳಕನ್ನು 25,000 ಅಳತೆ ಉದ್ದದ ಬಾಣ ಎಂದುಕೊಳ್ಳಿ. ಪ್ರತಿ ಸ್ವಯಂ ಫೋಟಾನ್ ಅದರ ತುದಿಗೆ 1 ಅಳತೆಯ ಪುಟ್ಟ ಬಾಣವನ್ನು ಮನಬಂದ ದಿಕ್ಕಿನಲ್ಲಿ ಅಂಟಿಸುತ್ತದೆ. ಬಾಣದ ಉದ್ದ ಹೆಚ್ಚುಕಡಿಮೆಯಾದರೆ ಮಾಧ್ಯಮ ಅದನ್ನು ತಿದ್ದಿ ಮೊದಲಿನಂತೆ ಮಾಡುತ್ತದೆ. ದಿಕ್ಕು ಹೊರಳಿದರೆ ತಿದ್ದುವವರಿಲ್ಲ. ದಿಕ್ಕು ಎಂದರೆ ಅಲೆಯ ಫೇಸ್, ಅಂದರೆ ಏರಿಳಿತದಲ್ಲಿ ಈ ಕ್ಷಣ ಅದು ಎಲ್ಲಿದೆ ಎಂಬುದು. ಹೀಗೆ ಫೇಸ್ ಮೆಲ್ಲಗೆ ತೇಲಿಹೋಗುವುದರಿಂದ ಯಾವ ಲೇಸರ್ ಬಣ್ಣವೂ ಗೆರೆ ಎಳೆದಷ್ಟು ಸಪೂರವಾಗದು. ಆ ಮಿತಿಯನ್ನು ಅಮೆರಿಕದ ಭೌತವಿಜ್ಞಾನಿಗಳಾದ ಶಾಲೋ ಮತ್ತು ಟೌನ್ಸ್ 1958ರಲ್ಲೇ, ಮೊದಲ ಲೇಸರ್ ಬೆಳಗುವ ಎರಡು ವರ್ಷ ಮುಂಚೆ, ಲೆಕ್ಕ ಹಾಕಿದ್ದರು. ನಮ್ಮ ಕೊಳವೆಗೆ ಅದು ಒಂದು ಹರ್ಟ್ಸ್‌ನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಕನ್ನಡಿಯ ಅದುರಾಟ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೆಡಿಸುವುದರಿಂದ ಆ ಮಿತಿಯ ಹತ್ತಿರ ಹೋಗುವುದೇ ಕಷ್ಟ.

ಒಂದೇ ಮೋಡ್ ಇದ್ದರೆ ಕಥೆ ಇಷ್ಟೇ: ಉದ್ದಕ್ಕೆ ಕಾವಲಿದೆ, ದಿಕ್ಕಿಗಿಲ್ಲ. ಎರಡನೆಯ ಮೋಡ್ ಬಂದಾಗ ಕಾವಲಿನ ಕೆಲಸವೇ ಬದಲಾಗುತ್ತದೆ.

ಒಂದೇ ತೊಟ್ಟಿ, ಹಲವು ನಲ್ಲಿ

ಪಂಪ್ ತುಂಬಿದ ಪರಮಾಣುಗಳನ್ನು ತೊಟ್ಟಿಯ ನೀರು ಎನ್ನೋಣ, ಮೋಡ್‌ಗಳು ಅದಕ್ಕೆ ಕೂರಿಸಿದ ನಲ್ಲಿಗಳು. ಒಂದು ನಲ್ಲಿ ಹೆಚ್ಚು ಎಳೆದರೆ ಮಟ್ಟ ಇಳಿದು ಇನ್ನೊಂದಕ್ಕೆ ಕಡಿಮೆಯಾಗುತ್ತದೆ. ಹೋಲಿಕೆಗೆ ಒಂದು ತಿದ್ದುಪಡಿ ಬೇಕು. ಇಲ್ಲಿ ಹೆಚ್ಚು ಹರಿದ ನಲ್ಲಿ ಇನ್ನೂ ಅಗಲವಾಗುತ್ತದೆ, ಏಕೆಂದರೆ ಉತ್ಸರ್ಜನೆಯ ವೇಗ ಇರುವ ಫೋಟಾನ್‌ಗಳ ಸಂಖ್ಯೆಯನ್ನೇ ಅವಲಂಬಿಸಿದೆ.

ಹಾಗಾದರೆ ಕೂದಲೆಳೆಯಷ್ಟು ಹೆಚ್ಚು ವರ್ಧನೆ ಸಿಗುವ ಮೋಡ್ ಒಂದೇ ಗೆದ್ದು, ಉಳಿದವು ಅಳಿಯಬೇಕಲ್ಲವೇ? ಎಲ್ಲ ಮೋಡ್‌ಗಳೂ ನಿಜವಾಗಿ ಒಂದೇ ತೊಟ್ಟಿಯಿಂದ ಕುಡಿದರೆ ಹಾಗೆಯೇ ಆಗುತ್ತದೆ. ಆದರೆ ತೊಟ್ಟಿಯೊಳಗೆ ಅಡ್ಡಗೋಡೆಗಳಿವೆ.

ಮೊದಲನೆಯದು ವೇಗದ ಅಡ್ಡಗೋಡೆ. ಅನಿಲದಲ್ಲಿ ಪ್ರತಿ ಪರಮಾಣುವೂ ತನ್ನ ವೇಗಕ್ಕೆ ತಕ್ಕ ಕಂಪನಾಂಕಕ್ಕಷ್ಟೇ ಓಗೊಡುತ್ತದೆ. ಒಂದು ಮೋಡ್ ತನಗೆ ಒಗ್ಗುವ ವೇಗದವುಗಳನ್ನು ಮಾತ್ರ ಬರಿದು ಮಾಡಿ, ವರ್ಧನೆಯ ಪಟ್ಟಿಯಲ್ಲಿ ತೂತು ಕೊರೆಯುತ್ತದೆ. ಹೀಲಿಯಂ-ನಿಯಾನ್‌ನಲ್ಲಿ ಆ ತೂತಿನ ಅಗಲ ನೂರಾರು ಮೆಗಾಹರ್ಟ್ಸ್. 500 ಮೆಗಾಹರ್ಟ್ಸ್ ದೂರದ ನೆರೆಯ ಮೋಡ್‌ಗೆ ಅದರಿಂದ ಅಷ್ಟೇನೂ ಬಾಧೆಯಿಲ್ಲ.

ಎರಡನೆಯದು ಜಾಗದ ಅಡ್ಡಗೋಡೆ, ಹರಳಿನ ಲೇಸರ್‌ಗಳಲ್ಲಿ ಮುಖ್ಯವಾದದ್ದು. ಕನ್ನಡಿಗಳ ನಡುವೆ ನಿಂತ ಅಲೆಯಲ್ಲಿ ಉಬ್ಬುಗಳಿವೆ, ಮಿಸುಕದ ಗಂಟುಗಳೂ ಇವೆ. ಗಂಟಿನಲ್ಲಿರುವ ಪರಮಾಣುಗಳಿಗೆ ಬೆಳಕು ತಾಗುವುದೇ ಇಲ್ಲ, ತುಂಬಿದ ಶಕ್ತಿ ಹಾಗೇ ಉಳಿಯುತ್ತದೆ. ಪಕ್ಕದ ಮೋಡ್‌ಗೆ ಒಂದು ಅರ್ಧ ಅಲೆ ಹೆಚ್ಚು. ಕನ್ನಡಿಯ ಹತ್ತಿರ ಎರಡರ ಗಂಟುಗಳೂ ಒಂದೇ ಕಡೆ ಬೀಳುತ್ತವೆ, ಕ್ಯಾವಿಟಿಯ ನಟ್ಟನಡುವೆ ಒಂದರ ಉಬ್ಬಿನ ಮೇಲೆ ಇನ್ನೊಂದರ ಗಂಟು. ಆದ್ದರಿಂದ ಹರಳನ್ನು ನಡುವೆ ಇಟ್ಟರೆ ಪಕ್ಕಪಕ್ಕದ ಮೋಡ್‌ಗಳು ಬೇರೆಬೇರೆ ಪರಮಾಣುಗಳನ್ನು ತಿಂದು ಜೊತೆಯಾಗಿ ಬಾಳುತ್ತವೆ. ಕನ್ನಡಿಗೆ ಒತ್ತಿ ಇಟ್ಟರೆ ಅವು ಕಾದಾಡುತ್ತವೆ, ಜೊತೆಗೂಡಿ ಉಳಿಯುವವು ದೂರದೂರದ ಮೋಡ್‌ಗಳು. ಅದೇ ಹರಳು, ಅದೇ ಪಂಪ್. ಹರಳನ್ನು ಸರಿಸಿದ್ದಷ್ಟೇ ವ್ಯತ್ಯಾಸ. ಬೆಳಕು ಒಂದೇ ದಿಕ್ಕಿಗೆ ಸುತ್ತುವ ಉಂಗುರದ ಕ್ಯಾವಿಟಿ ಕಟ್ಟಿದರೆ ನಿಂತ ಅಲೆಯೇ ಇಲ್ಲ, ಈ ಗೋಡೆಯೂ ಇಲ್ಲ. ಒಂದೇ ಮೋಡ್ ಬೇಕೆನ್ನುವವರು ಉಂಗುರ ಕಟ್ಟುವುದು ಇದಕ್ಕೇ.

ಒಂದು ಮೋಡ್ ತನ್ನ ಬೆಳವಣಿಗೆಗೆ ತಾನೇ ಎಷ್ಟು ಅಡ್ಡಿ, ನೆರೆಯದ್ದಕ್ಕೆ ಎಷ್ಟು ಅಡ್ಡಿ ಎಂಬುದೇ ಇಲ್ಲಿ ನಿರ್ಣಾಯಕ. ನೆರೆಗೆ ಕಡಿಮೆ ಅಡ್ಡಿಯಾದರೆ ಸಡಿಲ ಜೋಡಣೆ: ಎರಡೂ ಉಳಿಯುತ್ತವೆ. ನೆರೆಗೇ ಹೆಚ್ಚು ಅಡ್ಡಿಯಾದರೆ ಬಿಗಿ ಜೋಡಣೆ: ಒಂದು ಉರಿದರೆ ಇನ್ನೊಂದು ಆರುತ್ತದೆ, ಯಾವುದು ಉರಿಯಬೇಕೆಂಬುದು ಮೊದಲು ಯಾವುದು ಹೊತ್ತಿತು ಎಂಬುದರ ಮೇಲಿದೆ. ಈ ವಿಂಗಡಣೆಯನ್ನು ಅಮೆರಿಕದ ಭೌತವಿಜ್ಞಾನಿ ವಿಲ್ಲಿಸ್ ಲ್ಯಾಂಬ್ 1964ರಲ್ಲಿ ಪ್ರಕಟಿಸಿದ ಸಿದ್ಧಾಂತ ಸ್ಪಷ್ಟಪಡಿಸಿತು. ಅದರಲ್ಲಿ ಪರಮಾಣುಗಳು ಕ್ವಾಂಟಂ ನಿಯಮ ಪಾಲಿಸುತ್ತವೆ, ಬೆಳಕು ಮಾತ್ರ ಹಳೆಯ ಕಾಲದ ಅಲೆ. ಮೋಡ್‌ಗಳ ಸರಾಸರಿ ಶಕ್ತಿ ಮತ್ತು ಕಂಪನಾಂಕ ತಿಳಿಯಲು ಅಷ್ಟು ಸಾಕು. ಆದರೆ ಅದರಲ್ಲಿ ಒಮ್ಮೆ ಸೊನ್ನೆಗಿಳಿದ ಮೋಡ್ ಸೊನ್ನೆಯಲ್ಲೇ ಇರುತ್ತದೆ.

ನಾಲ್ಕು ಫೋಟಾನ್, ಎರಡು ಮೋಡ್

ಬೆಳಕನ್ನೂ ಕ್ವಾಂಟಂ ಆಗಿ ನೋಡುವ ಲೇಸರ್ ಸಿದ್ಧಾಂತ 1960ರ ದಶಕದಲ್ಲಿ ರೂಪುಗೊಂಡಿತು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹರ್ಮನ್ ಹಾಕೆನ್ ಮತ್ತು ಸಂಗಡಿಗರು, ಅಮೆರಿಕದಲ್ಲಿ ಮಾರ್ಲನ್ ಸ್ಕಲಿ ಮತ್ತು ಲ್ಯಾಂಬ್, ಹಾಗೆಯೇ ಮೆಲ್ವಿನ್ ಲ್ಯಾಕ್ಸ್, ವಿಲಿಯಂ ಲೂಯಿಸೆಲ್ ಬೇರೆ ಬೇರೆ ದಾರಿಯಲ್ಲಿ ಅದನ್ನು ಕಟ್ಟಿದರು. ಸ್ಕಲಿ-ಲ್ಯಾಂಬ್ ದಾರಿ ಚಿತ್ರಿಸಿಕೊಳ್ಳಲು ಸುಲಭ.

ಚದುರಂಗದ ಮಣೆಯಂಥ ಮನೆಗಳ ಹಾಸು ಊಹಿಸಿಕೊಳ್ಳಿ. ಅಡ್ಡಕ್ಕೆ ಮೊದಲ ಮೋಡ್‌ನ ಫೋಟಾನ್ ಸಂಖ್ಯೆ, ಉದ್ದಕ್ಕೆ ಎರಡನೆಯದರದು. ಲೇಸರ್ ಯಾವ ಕ್ಷಣದಲ್ಲೂ ಒಂದು ಮನೆಯಲ್ಲಿ ನಿಂತಿರುತ್ತದೆ. ಪರಮಾಣು ಫೋಟಾನ್ ಕೊಟ್ಟರೆ ಒಂದು ಮನೆ ಮುಂದೆ, ಕನ್ನಡಿಯಿಂದ ಫೋಟಾನ್ ಹೊರಗೆ ಹೋದರೆ ಒಂದು ಮನೆ ಹಿಂದೆ. ಮುಂದೆ ಹೋಗುವ ವೇಗದಲ್ಲಿ ಆ "ಎನ್ ಕೂಡಿಸು ಒಂದು" ಇದೆ, ಹಿಂದೆ ಬರುವ ವೇಗದಲ್ಲಿ ಬರೀ ಎನ್. ಬಹಳ ಹೊತ್ತಿನ ನಂತರ ಯಾವ ಮನೆಯಲ್ಲಿ ಇರುವ ಸಂಭವ ಎಷ್ಟು ಎಂಬುದೇ ಪ್ರಶ್ನೆ.

ಎರಡೂ ಮೋಡ್‌ಗಳಿಗೆ ಸಮಾನ ವರ್ಧನೆ, ಸಮಾನ ಸೋರಿಕೆ, ಒಂದೇ ಪರಮಾಣುಗಳು ಎಂಬ ಸರಳ ಸಂದರ್ಭ ತೆಗೆದುಕೊಳ್ಳಿ. ಮೊದಲ ಮೋಡ್‌ನಲ್ಲಿ 2 ಫೋಟಾನ್ ಇವೆ ಎನ್ನೋಣ. 2ರಿಂದ 3ಕ್ಕೆ ಏರುವ ವೇಗದಲ್ಲಿ 3 ಇದೆ (2 ಕೂಡಿಸು 1). 3ರಿಂದ 2ಕ್ಕೆ ಇಳಿಯುವ ವೇಗದಲ್ಲೂ 3 ಇದೆ. ಭಾಗಿಸಿದಾಗ ಎರಡೂ ಹೊಡೆದುಹೋಗುತ್ತವೆ! ಉಳಿಯುವುದು ಒಟ್ಟು ಫೋಟಾನ್ ಸಂಖ್ಯೆಯನ್ನಷ್ಟೇ ಅವಲಂಬಿಸಿದ ಅಂಶ. ಹಾಗಾಗಿ ಒಟ್ಟು ಎಷ್ಟೆಂದು ಗೊತ್ತಿದ್ದರೆ ಅದನ್ನು ಹಂಚುವ ಎಲ್ಲ ಬಗೆಗಳಿಗೂ ಒಂದೇ ಸಂಭವ.

ಒಟ್ಟು 4 ಫೋಟಾನ್ ಇದ್ದರೆ ಹಂಚಿಕೆ 0-4, 1-3, 2-2, 3-1, 4-0. ಐದಕ್ಕೂ ತಲಾ 20 ಶೇಕಡ. ನಾಲ್ಕು ನಾಣ್ಯ ಚಿಮ್ಮಿದರೆ ಹೀಗಾಗುವುದಿಲ್ಲ. 2-2 ಬೀಳಲು 16ರಲ್ಲಿ 6 ಅವಕಾಶ, 4-0 ಬೀಳಲು 16ರಲ್ಲಿ ಒಂದೇ. ನಾಣ್ಯಗಳು ಒಂದನ್ನೊಂದು ನೋಡಿ ಬೀಳುವುದಿಲ್ಲ, ಫೋಟಾನ್‌ಗಳು ಮುಂಚೆ ಹೋದವರ ಹಿಂದೆ ಹೋಗುತ್ತವೆ.

ಇದನ್ನು 64 ಕೋಟಿಗೆ ಹಿಗ್ಗಿಸಿದಾಗ ವ್ಯತ್ಯಾಸ ದಂಗುಬಡಿಸುತ್ತದೆ. 64 ಕೋಟಿ ನಾಣ್ಯ ಚಿಮ್ಮಿದರೆ ಅರ್ಧಕ್ಕಿಂತ ಸುಮಾರು 12,600ರಷ್ಟು ಅತ್ತಿತ್ತ ಆದೀತು, ಹೆಚ್ಚಲ್ಲ. ಫೋಟಾನ್‌ಗಳ ವಿಷಯದಲ್ಲಿ ಅರ್ಧ-ಅರ್ಧ ಎಷ್ಟು ಸಂಭವವೋ, ಎಲ್ಲ ಒಂದು ಕಡೆ ಇರುವುದೂ ಅಷ್ಟೇ ಸಂಭವ. ಅದೇ ಹೊತ್ತಿಗೆ ಒಟ್ಟು ಮೊತ್ತ ಮಾತ್ರ, ಲೇಸರ್ ಹೊಸ್ತಿಲು (ವರ್ಧನೆ ಸೋರಿಕೆಯನ್ನು ಸರಿಗಟ್ಟುವ ಮಟ್ಟ) ದಾಟಿ ಚೆನ್ನಾಗಿ ಉರಿಯುತ್ತಿದ್ದರೆ, 25,000ದ ಆಸುಪಾಸಿನ ಏರಿಳಿತದಲ್ಲಿ ನಿಲ್ಲುತ್ತದೆ. ಒಟ್ಟಿಗೆ ಕಾವಲಿದೆ, ಪಾಲಿಗಿಲ್ಲ. ಕತ್ತಲಾದ ಮೋಡ್ ಕೂಡ ಇಲ್ಲಿ ಸತ್ತಂತಲ್ಲ, ಸೊನ್ನೆಯಲ್ಲಿದ್ದರೂ ಆ "ಒಂದು" ಅದನ್ನು ಮತ್ತೆ ಎಬ್ಬಿಸುತ್ತದೆ.

ಅಳೆಯುವವರು ಇದನ್ನು ಒಂದೇ ಅಂಕಿಯಲ್ಲಿ ಹಿಡಿಯುತ್ತಾರೆ: ತೀವ್ರತೆಯ ವರ್ಗದ ಸರಾಸರಿಯನ್ನು ಸರಾಸರಿಯ ವರ್ಗದಿಂದ ಭಾಗಿಸುವುದು. ಅಲುಗದ ಬೆಳಕಿಗೆ 1. ಬಲ್ಬಿನಂಥ ಬಿಸಿ ಮೂಲದಿಂದ ಒಂದೇ ಮೋಡ್ ಸೋಸಿದರೆ 2. ಮೇಲೆ ಹೇಳಿದ ಎರಡು ಮೋಡ್ ಲೇಸರ್‌ನಲ್ಲಿ ಒಂದನ್ನು ಸೋಸಿ ನೋಡಿದರೆ 4/3. ಇಂಥ ಸಮಬಲದ ಮೂರು ಮೋಡ್‌ಗಳಿದ್ದರೆ 1.5, ಹತ್ತಿದ್ದರೆ 1.82, ನೂರಾರು ಇದ್ದರೆ 2ರ ಹತ್ತಿರ. ಬಹಳ ಮೋಡ್‌ಗಳ ಲೇಸರ್‌ನಿಂದ ಒಂದೇ ಮೋಡ್ ಬೇರ್ಪಡಿಸಿದರೆ ಅದರ ಏರಿಳಿತ ಬಲ್ಬಿನ ಬೆಳಕಿನದರಂತೆಯೇ ಇರುತ್ತದೆ ಎಂದಾಯಿತು. ಇಡೀ ಕಿರಣ ಸ್ಥಿರ, ಬಿಡಿಬಿಡಿ ಎಳೆ ಅಸ್ಥಿರ.

ಬಿಗಿ ಜೋಡಣೆಯ ಎರಡು ಮೋಡ್‌ಗಳಿಗೂ ಅಂಕಿ 2ರ ಹತ್ತಿರ ಬರುತ್ತದೆ, ಕಾರಣ ಮಾತ್ರ ಬೇರೆ. ಅಲ್ಲಿ ಪ್ರತಿ ಮೋಡ್ ಅರ್ಧ ಹೊತ್ತು ಪೂರ್ತಿ ಉರಿದು ಅರ್ಧ ಹೊತ್ತು ಆರಿರುತ್ತದೆ. ಅಂಕಿಯೊಂದನ್ನೇ ನೋಡಿ ತೀರ್ಮಾನಿಸಿದರೆ ಮೋಸಹೋಗುವ ಜಾಗ ಇದು. ಸಮಯದ ಜೊತೆ ಗೆರೆ ಎಳೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. 1980ರ ಸುಮಾರಿಗೆ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಲಿಯೊನಾರ್ಡ್ ಮ್ಯಾಂಡೆಲ್ ತಂಡ ಉಂಗುರಾಕಾರದ ಡೈ (ಬಣ್ಣದ ದ್ರಾವಣವೇ ಮಾಧ್ಯಮವಾದ) ಲೇಸರ್‌ನಲ್ಲಿ ಎದುರುಬದುರು ಸುತ್ತುವ ಎರಡು ಮೋಡ್‌ಗಳ ನಡುವೆ ಬೆಳಕು ಹೀಗೆ ಅತ್ತಿತ್ತ ಜಿಗಿಯುವುದನ್ನು ಅಳೆಯಿತು. ಪಂಪ್ ಹೆಚ್ಚಿಸಿದಷ್ಟೂ ಎರಡು ಜಿಗಿತಗಳ ನಡುವಿನ ಬಿಡುವು ಬಹಳ ಬೇಗ ಹಿಗ್ಗುತ್ತದೆ.

ಪಾಲು ಬದಲಾಗಲು ಎಷ್ಟು ಹೊತ್ತು

ಸಮಬಲದ ಸಂದರ್ಭದಲ್ಲಿ ಒಂದು ಅಂದಾಜು ಸುಲಭ: ಒಳಗಿನ ಫೋಟಾನ್ ಸಂಖ್ಯೆಯನ್ನು ಒಂದು ಫೋಟಾನಿನ ವಾಸದ ಅವಧಿಯಿಂದ ಗುಣಿಸಿ. ನಮ್ಮ ಕೊಳವೆಯ ಮೋಡ್‌ಗಳೂ ಒಂದೇ ತೊಟ್ಟಿಯಿಂದ ಕುಡಿಯುತ್ತವೆ ಎಂದುಕೊಂಡರೆ 64 ಕೋಟಿ ಗುಣಿಸು 200 ನ್ಯಾನೋಸೆಕೆಂಡ್, ಅಂದರೆ ಎರಡು ನಿಮಿಷದ ಆಸುಪಾಸು. ಅಷ್ಟರಲ್ಲಿ ಶಾಖದ ಏರುಪೇರು ಎಲ್ಲವನ್ನೂ ನುಂಗಿಬಿಡುತ್ತದೆ.

ಅರೆವಾಹಕ ಲೇಸರ್‌ನಲ್ಲಿ ಲೆಕ್ಕ ತಲೆಕೆಳಗು. 300 ಮೈಕ್ರೋಮೀಟರ್ ಉದ್ದದ ಚಿಪ್‌ನಲ್ಲಿ ಫೋಟಾನ್ ಸುಮಾರು 2 ಪಿಕೋಸೆಕೆಂಡ್ ಇರುತ್ತದೆ. 1550 ನ್ಯಾನೋಮೀಟರ್‌ನಲ್ಲಿ 1 ಮಿಲಿವ್ಯಾಟ್ ಹೊರಬರುವಾಗ ಒಳಗಿರುವುದು ಸುಮಾರು 15,000 ಫೋಟಾನ್ ಮಾತ್ರ. ಗುಣಿಸಿದರೆ 30 ನ್ಯಾನೋಸೆಕೆಂಡ್. ಸ್ವಯಂ ಉತ್ಸರ್ಜನೆ ಎಬ್ಬಿಸುವ ಈ ಏರುಪೇರು, ಅಂದರೆ ಕ್ವಾಂಟಂ ಗದ್ದಲ, ಇಲ್ಲಿ ಎಂಜಿನಿಯರರ ದಿನನಿತ್ಯದ ತಲೆನೋವು.

ಫೈಬರ್‌ನಲ್ಲಿ ಏನು ಕೆಡುತ್ತದೆ

ಆ ಚಿಪ್‌ನಲ್ಲಿ ವಕ್ರೀಭವನಾಂಕ 3.5 ಎಂದುಕೊಂಡರೆ ಪಕ್ಕಪಕ್ಕದ ಮೋಡ್‌ಗಳ ಅಂತರ ಸುಮಾರು 1.1 ನ್ಯಾನೋಮೀಟರ್. ಸಾಮಾನ್ಯ ಫೈಬರ್‌ನಲ್ಲಿ 1550 ನ್ಯಾನೋಮೀಟರ್ ಹತ್ತಿರ ಒಂದು ನ್ಯಾನೋಮೀಟರ್ ಬಣ್ಣದ ವ್ಯತ್ಯಾಸಕ್ಕೆ ಪ್ರತಿ ಕಿಲೋಮೀಟರಿಗೆ 17 ಪಿಕೋಸೆಕೆಂಡ್ ಹಿಂದುಮುಂದಾಗುತ್ತದೆ. 50 ಕಿಲೋಮೀಟರ್ ಸಾಗುವ ಹೊತ್ತಿಗೆ ಎರಡು ಮೋಡ್‌ಗಳ ನಡುವೆ 935 ಪಿಕೋಸೆಕೆಂಡ್ ಅಂತರ. ಸೆಕೆಂಡಿಗೆ ನೂರು ಕೋಟಿ ಬಿಟ್ ಕಳಿಸುವ ಸಂಪರ್ಕದಲ್ಲಿ ಒಂದು ಬಿಟ್‌ಗೆ ಇರುವ ಜಾಗವೇ 1,000 ಪಿಕೋಸೆಕೆಂಡ್.

ಕಳಿಸುವ ತುದಿಯಲ್ಲಿ ಪ್ರತಿ ಸ್ಪಂದನದ ಒಟ್ಟು ಬೆಳಕು ಸರಿಯಾಗಿಯೇ ಇರುತ್ತದೆ. ಆದರೆ ಈ ಸ್ಪಂದನದಲ್ಲಿ ಹೆಚ್ಚು ಪಾಲು ಎಡದ ಮೋಡ್‌ಗೆ, ಮುಂದಿನದರಲ್ಲಿ ಬಲದ್ದಕ್ಕೆ. ದೂರದ ತುದಿಯಲ್ಲಿ ಒಂದು ಬೇಗ ಬಂದು ಇನ್ನೊಂದು ತಡವಾಗಿ, ಪಕ್ಕದ ಬಿಟ್‌ನ ಜಾಗಕ್ಕೆ ಕಾಲಿಡುತ್ತದೆ. ಇದಕ್ಕೆ ಮೋಡ್ ಪಾರ್ಟಿಷನ್ ಗದ್ದಲ ಎಂದು ಹೆಸರು. ಪವರ್ ಹೆಚ್ಚಿಸಿ ಸರಿಪಡಿಸಲು ಹೋದವರು ಸೋಲುತ್ತಾರೆ, ಏಕೆಂದರೆ ಬೆಳಕು ಹೆಚ್ಚಿದಷ್ಟೇ ಪಾಲಿನ ಏರುಪೇರೂ ಹೆಚ್ಚುತ್ತದೆ. ತಪ್ಪು ಬಿಟ್‌ಗಳ ಪ್ರಮಾಣ ಒಂದು ಮಟ್ಟಕ್ಕಿಂತ ಕೆಳಗಿಳಿಯುವುದೇ ಇಲ್ಲ.

ಮುಖ್ಯವಾಗಿ ದಾರಿ ಎರಡು. ಬಣ್ಣಗಳ ನಡುವೆ ಹಿಂದುಮುಂದು ಇಲ್ಲದ 1310 ನ್ಯಾನೋಮೀಟರ್ ಆಸುಪಾಸಿನಲ್ಲಿ ಕೆಲಸ ಮಾಡುವುದು ಒಂದು. ಚಿಪ್‌ನೊಳಗೇ ಸೂಕ್ಷ್ಮ ಗೀರುಗಳ ಸಾಲು ಕೆತ್ತಿ ಒಂದೇ ಮೋಡ್‌ಗೆ ಅವಕಾಶ ಕೊಡುವ ಡಿಎಫ್‌ಬಿ (ಡಿಸ್ಟ್ರಿಬ್ಯೂಟೆಡ್ ಫೀಡ್‌ಬ್ಯಾಕ್) ಲೇಸರ್ ಬಳಸುವುದು ಇನ್ನೊಂದು. ದೂರದ, ವೇಗದ ಸಂಪರ್ಕಗಳಲ್ಲಿ ಇಂಥ ಒಂದೇ ಮೋಡ್‌ನ ಲೇಸರ್ ಬೇಕೇ ಬೇಕು.

ಹಸಿರು ಲೇಸರ್‌ನ ಹಟ

ಬಹಳಷ್ಟು ಹಸಿರು ಲೇಸರ್‌ಗಳಲ್ಲಿ ಮೂಲ ಬೆಳಕು 1064 ನ್ಯಾನೋಮೀಟರ್‌ನ ಕಾಣದ ಕಿರಣ. ಕ್ಯಾವಿಟಿಯೊಳಗಿನ ಇನ್ನೊಂದು ಹರಳು ಎರಡು ಫೋಟಾನ್ ಸೇರಿಸಿ 532 ನ್ಯಾನೋಮೀಟರ್‌ನ ಒಂದು ಹಸಿರು ಫೋಟಾನ್ ಮಾಡುತ್ತದೆ. ಎರಡೂ ಫೋಟಾನ್ ಒಂದೇ ಮೋಡ್‌ನಿಂದ ಬರಬಹುದು, ಅಥವಾ ಮೋಡ್‌ಗೊಂದರಂತೆ ಬರಬಹುದು. ಲೆಕ್ಕ ಬಿಡಿಸಿದರೆ ನೆರೆಯ ಮೋಡ್‌ನಿಂದ ಆಗುವ ನಷ್ಟ ತನ್ನಿಂದ ತನಗಾಗುವ ನಷ್ಟದ ಎರಡರಷ್ಟು. ನೆರೆಗೇ ಹೆಚ್ಚು ಅಡ್ಡಿ, ಅಂದರೆ ಬಿಗಿ ಜೋಡಣೆ! ಫಲವಾಗಿ ಮೋಡ್‌ಗಳು ಸರದಿಯಂತೆ ಹೊತ್ತಿ ಆರುತ್ತವೆ, ಹಸಿರು ಬೆಳಕು ಹುಚ್ಚಾಪಟ್ಟೆ ಮಿಟುಕುತ್ತದೆ. 1986ರಲ್ಲಿ ಟಾಮ್ ಬೇರ್ ಇದನ್ನು ವಿವರಿಸಿದ ಮೇಲೆ ಇದಕ್ಕೆ "ಹಸಿರು ಸಮಸ್ಯೆ" ಎಂಬ ಹೆಸರೇ ನಿಂತಿತು. ಇಲ್ಲಿ ಮುಖ್ಯ ದೋಷಿ ಕ್ವಾಂಟಂ ಗದ್ದಲವಲ್ಲ, ಜೋಡಣೆಯೇ. ಪರಿಹಾರ: ಒಂದೇ ಮೋಡ್ ಉಳಿಸುವುದು, ಕ್ಯಾವಿಟಿಯಲ್ಲಿ ಕಾಲು ಅಲೆಯ ಫಲಕ ಇಟ್ಟು ಧ್ರುವೀಕರಣದಿಂದ ಮೋಡ್‌ಗಳನ್ನು ಬೇರ್ಪಡಿಸುವುದು, ಇಲ್ಲವೇ ನೂರರಷ್ಟು ಮೋಡ್‌ಗಳನ್ನು ಬಿಟ್ಟು ಏರಿಳಿತ ಸರಾಸರಿಯಾಗುವಂತೆ ಮಾಡುವುದು.

ಫೇಸ್‌ಗಳ ಕೈ ಹಿಡಿಸಿದರೆ

ಇಷ್ಟು ಹೊತ್ತು ಪಾಲಿನ ಮಾತಾಯಿತು. ಮೋಡ್‌ಗಳ ಫೇಸ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕಿದರೆ ಹಲವು ಮೋಡ್‌ಗಳಿರುವುದೇ ವರವಾಗುತ್ತದೆ. ಎಲ್ಲದರ ಉಬ್ಬುಗಳು ಒಂದೇ ಕ್ಷಣದಲ್ಲಿ ಕೂಡಿ, ಉಳಿದ ಹೊತ್ತು ಒಂದನ್ನೊಂದು ಅಳಿಸಿ, ಬೆಳಕು ಚಿಕ್ಕ ಚಿಕ್ಕ ಸ್ಪಂದನಗಳಾಗಿ ಬರುತ್ತದೆ. ಇದು ಮೋಡ್ ಲಾಕಿಂಗ್, ಹೀಲಿಯಂ-ನಿಯಾನ್‌ನಲ್ಲಿ 1964ರಲ್ಲೇ ಸಾಧಿಸಲಾಗಿತ್ತು. ಸೆಕೆಂಡಿಗೆ 8 ಕೋಟಿ ಸ್ಪಂದನ, ಒಂದೊಂದೂ 100 ಫೆಮ್ಟೋಸೆಕೆಂಡ್ ಇರುವ ಟೈಟೇನಿಯಂ-ಸಫೈರ್ ಲೇಸರ್‌ನಲ್ಲಿ ಸುಮಾರು 55,000 ಮೋಡ್‌ಗಳು ಹೀಗೆ ಕೈ ಹಿಡಿದಿರುತ್ತವೆ. ಅವುಗಳ ಸಮಾನ ಅಂತರದ ಸಾಲೇ ಕಂಪನಾಂಕದ ಬಾಚಣಿಗೆ. ಆ ಕೆಲಸದಲ್ಲಿ ಪಾತ್ರ ವಹಿಸಿದ ಜಾನ್ ಹಾಲ್ ಮತ್ತು ಥಿಯೊಡೋರ್ ಹೆನ್ಷ್ ಅವರಿಗೆ 2005ರ ಭೌತಶಾಸ್ತ್ರ ನೊಬೆಲ್ ಬಂದಾಗ, ಇನ್ನರ್ಧ ಹೋದದ್ದು ಬೆಳಕಿನ ಏರಿಳಿತದ ಕ್ವಾಂಟಂ ಸಿದ್ಧಾಂತ ಕಟ್ಟಿದ ರಾಯ್ ಗ್ಲಾಬರ್ ಅವರಿಗೆ.

ಕಟ್ಟಿಹಾಕುವುದು ಎಲ್ಲ ಕಡೆಯೂ ಒಳ್ಳೆಯದಲ್ಲ. ಲೇಸರ್ ಗೈರೋದಲ್ಲಿ ಎರಡು ಮೋಡ್‌ಗಳು ಉಂಗುರದಲ್ಲಿ ಎದುರುಬದುರು ಸುತ್ತುತ್ತವೆ. ಉಪಕರಣ ತಿರುಗಿದಾಗ ಅವುಗಳ ಕಂಪನಾಂಕಗಳಲ್ಲಿ ಮೂಡುವ ವ್ಯತ್ಯಾಸವೇ ಅಳತೆ. ಕನ್ನಡಿಯಿಂದ ಒಂದಿಷ್ಟು ಬೆಳಕು ಹಿಂದಕ್ಕೆ ಚದುರಿದರೆ ಸಾಕು, ನಿಧಾನ ತಿರುಗುವಿಕೆಯಲ್ಲಿ ಎರಡೂ ಒಂದೇ ಕಂಪನಾಂಕಕ್ಕೆ ಅಂಟಿಕೊಂಡು ಅಳತೆ ಸೊನ್ನೆಯಾಗುತ್ತದೆ. ಅದಕ್ಕೇ ಇಡೀ ಉಂಗುರವನ್ನು ಬೇಕೆಂದೇ ಅತ್ತಿತ್ತ ಅಲುಗಿಸುತ್ತಾರೆ. ಒಂದು ಮೋಡ್ ಇನ್ನೊಂದನ್ನು ನುಂಗದಂತೆ ನಿಯಾನ್-20 ಮತ್ತು ನಿಯಾನ್-22 ಸಮಸಮ ಬೆರೆಸುತ್ತಾರೆ, ಎರಡೂ ಮೋಡ್‌ಗಳಿಗೆ ಬೇರೆಬೇರೆ ಪರಮಾಣುಗಳು ಸಿಗಲಿ ಎಂದು. ಇಷ್ಟೆಲ್ಲ ಆದ ಮೇಲೂ ಉಳಿಯುವ ಮಿತಿ ಸ್ವಯಂ ಉತ್ಸರ್ಜನೆಯದು. ಎರಡು ಬಾಣಗಳೂ ಬೇರೆಬೇರೆಯಾಗಿ ಹೊರಳುವುದರಿಂದ ಅವುಗಳ ನಡುವಿನ ಕೋನ ತೇಲುತ್ತದೆ.

ಆ ಕೋನವನ್ನೂ ನಿಲ್ಲಿಸಬಹುದೆಂದು 1985ರಲ್ಲಿ ಸ್ಕಲಿ ತೋರಿಸಿದರು. ಪರಮಾಣುವನ್ನು ಎರಡು ಮೇಲಿನ ಸ್ಥಿತಿಗಳ ನಿರ್ದಿಷ್ಟ ಬೆರಕೆಯಲ್ಲಿ ತಯಾರು ಮಾಡಿದರೆ, ಎರಡು ಮೋಡ್‌ಗಳಿಗೂ ಅದು ಕೊಡುವ ಸ್ವಯಂ ಬೆಳಕು ಒಂದೇ ತಾಳದ್ದಾಗುತ್ತದೆ. ಬಾಣಗಳು ಹೊರಳುತ್ತವೆ, ಜೊತೆಜೊತೆಯಾಗಿ ಹೊರಳುತ್ತವೆ.

ಎಷ್ಟು ಮೋಡ್ ಇವೆ ಎಂದು ನೋಡುವುದು ಹೇಗೆ

ಸಾಮಾನ್ಯ ಪವರ್ ಮೀಟರ್ ಒಟ್ಟನ್ನಷ್ಟೇ ಹೇಳುತ್ತದೆ. ಪಾಲಿನ ಏರುಪೇರು ಕಾಣಬೇಕಾದರೆ ಒಂದು ಮೋಡ್ ಬೇರ್ಪಡಿಸುವ ಸೋಸುಕ ಮತ್ತು ವೇಗದ ಫೋಟೊಡಯೋಡ್ ಬೇಕು. ಮೋಡ್ ಎಣಿಸಲು ಸ್ಕ್ಯಾನಿಂಗ್ ಫ್ಯಾಬ್ರಿ-ಪೆರೊ ಉಪಕರಣ ಬಳಸುತ್ತಾರೆ, ಎರಡು ಕನ್ನಡಿಗಳ ಅಂತರ ಬದಲಿಸುತ್ತ ಅದು ಒಂದೊಂದೇ ಕಂಪನಾಂಕವನ್ನು ದಾಟಿಸುತ್ತದೆ. ಅದರ ಅಳತೆಯ ವ್ಯಾಪ್ತಿ ಮೋಡ್‌ಗಳ ಹರವಿಗಿಂತ ಕಿರಿದಾದರೆ ಗೆರೆಗಳು ಒಂದರ ಮೇಲೊಂದು ಬಿದ್ದು ಲೆಕ್ಕ ತಪ್ಪುತ್ತದೆ. ಕಿರಣ ಉಪಕರಣದ ಕನ್ನಡಿಗೆ ಬಡಿದು ನೇರ ಲೇಸರ್‌ಗೆ ಮರಳಿದರೆ ಮೋಡ್‌ಗಳೇ ಕದಡುತ್ತವೆ. ಉಪಕರಣವನ್ನು ತುಸು ಓರೆ ಮಾಡಬೇಕು, ಅಥವಾ ನಡುವೆ ಬೆಳಕನ್ನು ಒಂದೇ ಕಡೆಗೆ ಬಿಡುವ ಆಪ್ಟಿಕಲ್ ಐಸೊಲೇಟರ್ ಹಾಕಬೇಕು.

ಫೋಟೊಡಯೋಡ್ ಒಂದೇ ಇದ್ದರೆ ಮೋಡ್‌ಗಳ ನಡುವಿನ ಬೀಟ್ (ಎರಡು ಅಲೆ ಬೆರೆತಾಗ ಅವುಗಳ ಕಂಪನಾಂಕದ ಅಂತರದಷ್ಟೇ ವೇಗದಲ್ಲಿ ಮೂಡುವ ಮಿಡಿತ) ಹುಡುಕಬಹುದು. ಮೊದಲು ಹೇಳಿದ ಕೊಳವೆಯಲ್ಲಿ 500 ಮೆಗಾಹರ್ಟ್ಸ್‌ನ ಬೀಟ್ ಬರಬೇಕು, ಆದರೆ ಸುಮ್ಮನೆ ಒಡ್ಡಿದರೆ ಬರುವುದಿಲ್ಲ. ಪಕ್ಕಪಕ್ಕದ ಮೋಡ್‌ಗಳ ಧ್ರುವೀಕರಣ ಲಂಬವಾಗಿರುವುದರಿಂದ ಅವು ಬೆರೆಯುವುದೇ ಇಲ್ಲ. ಒಂದು ಬಿಟ್ಟು ಒಂದು ಇರುವ ಮೊದಲ ಮತ್ತು ಮೂರನೆಯ ಮೋಡ್‌ಗಳದು ಒಂದೇ ಧ್ರುವೀಕರಣ, ಅವುಗಳ 1 ಗಿಗಾಹರ್ಟ್ಸ್ ಬೀಟ್ ಮಾತ್ರ ಸಿಗುತ್ತದೆ. ಪೋಲರೈಸರ್ ಹಾಳೆಯನ್ನು ಎರಡೂ ಧ್ರುವೀಕರಣಗಳಿಗೆ 45 ಡಿಗ್ರಿ ಓರೆಯಾಗಿ ಹಿಡಿದರೆ 500 ಮೆಗಾಹರ್ಟ್ಸ್‌ನ ಗೆರೆ ಎದ್ದು ಕಾಣುತ್ತದೆ.